ಟೈಲ್ಸ್ ಕೂರಿಸುವ ಮೊದಲೇ ಹೂಳಬೇಕಾದ ತಂತಿ

2023ರ ಡಿಸೆಂಬರ್ ಕೊನೆಯ ವಾರ ಬೆಂಗಳೂರಿನ ವರ್ತೂರು ಭಾಗದ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ವಿದ್ಯುತ್ ತಗುಲಿಯೇ ಆಕೆ ಸತ್ತಳೆಂಬ ಆರೋಪ ಎದ್ದಿತು. ಕೆಲವು ವಾರಗಳ ನಂತರ, ಕೊಳದ ನಿರ್ವಹಣೆಗೆ ಸಂಬಂಧಪಟ್ಟ ಹಲವರನ್ನು ಪೊಲೀಸರು ಬಂಧಿಸಿದರು. ಸುದ್ದಿ ಓದಿದ ಯಾವ ತಂದೆತಾಯಿಯ ಮನಸ್ಸಿನಲ್ಲೂ ಏಳುವ ಪ್ರಶ್ನೆ ಇದು: ಈಜುಕೊಳದ ನೀರಿಗೆ ಕರೆಂಟ್ ಬರುವುದಾದರೂ ಹೇಗೆ?

ಇಂದು ಈಜುಕೊಳ ದೊಡ್ಡ ಹೋಟೆಲು, ಕ್ಲಬ್ಬುಗಳ ಸೊತ್ತಾಗಿ ಉಳಿದಿಲ್ಲ. ಕನಕಪುರ ರಸ್ತೆಯ ತೋಟದ ಮನೆಗಳಲ್ಲಿ, ನಂದಿ ಬೆಟ್ಟದ ಸುತ್ತಲಿನ ವಾರಾಂತ್ಯದ ಬಂಗಲೆಗಳಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಪುಟ್ಟ ಕೊಳ ಈಗ ಸಾಮಾನ್ಯ ನೋಟ. ಕಟ್ಟಿಸುವವರು ಟೈಲ್ಸಿನ ಬಣ್ಣ, ನೀರೊಳಗಿನ ದೀಪದ ಸೊಗಸು, ಫಿಲ್ಟರ್‌ನ ಕಂಪನಿ ಇವನ್ನೆಲ್ಲ ವಿಚಾರಿಸಿ ವಿಚಾರಿಸಿ ಆರಿಸುತ್ತಾರೆ. ವಿದ್ಯುತ್ತಿನ ಮಾತು ಬಂದಾಗ ಮಾತ್ರ ‘ಅರ್ಥಿಂಗ್ ಮಾಡಿದ್ದೇವೆ ಸಾರ್’ ಎಂಬ ಒಂದು ವಾಕ್ಯಕ್ಕೆ ತಲೆಯಾಡಿಸುತ್ತಾರೆ. ಈ ಲೇಖನದ ಉದ್ದೇಶ ಒಂದೇ: ಈಜುಕೊಳಕ್ಕೆ ಅರ್ಥಿಂಗ್ ಬೇಕೇ ಬೇಕು, ಆದರೆ ಅದಷ್ಟೇ ಸಾಲದು ಎಂದು ಮನದಟ್ಟು ಮಾಡುವುದು. ಅದರ ಜೊತೆಗೆ ಬೇಕಾದ ಅತಿ ಮುಖ್ಯ ಕೆಲಸದ ಹೆಸರು ಬಾಂಡಿಂಗ್. ಕಾಂಕ್ರೀಟ್ ಬಿದ್ದ ಮೇಲೆ ಅದನ್ನು ಮಾಡುವುದು ಬಹಳ ಕಷ್ಟ, ಬಹಳ ದುಬಾರಿ.

ನೀರಿಗಿಳಿದ ಮೈ

ಶಾಕ್ ಎಷ್ಟು ಘೋರ ಎಂಬುದನ್ನು ನಿರ್ಧರಿಸುವುದು ಮೈಯೊಳಗೆ ಹರಿಯುವ ಪ್ರವಾಹ. ಆಂಪಿಯರ್‌ನ ಸಾವಿರದ ಒಂದು ಭಾಗ, ಅಂದರೆ 1 ಮಿಲಿ ಆಂಪಿಯರ್ ಹರಿದರೆ ಸಣ್ಣಗೆ ಜುಮ್ಮೆನ್ನುತ್ತದೆ. 10ರ ಆಸುಪಾಸಿಗೆ ಬಂದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗದ ಸ್ಥಿತಿ. 30 ದಾಟಿದರೆ ಉಸಿರಾಟಕ್ಕೆ ತೊಂದರೆ. 50ರಿಂದ 100ರ ನಡುವೆ ಹೃದಯದ ಬಡಿತ ಲಯ ತಪ್ಪಿ ಸಾವು ಬರಬಹುದು.

ಒಣಗಿದ ಚರ್ಮ ವಿದ್ಯುತ್ತಿಗೆ ಸಾವಿರಾರು ಓಮ್‌ಗಳ ತಡೆ ಒಡ್ಡುತ್ತದೆ. ಮನೆಯಲ್ಲಿ ಸ್ವಿಚ್ ಬೋರ್ಡ್ ಮುಟ್ಟಿ ಶಾಕ್ ಹೊಡೆಸಿಕೊಂಡವರು ಎಷ್ಟೋ ಸಲ ಕೈ ಕೊಡವಿ ಎದ್ದು ಹೋಗುವುದು ಈ ತಡೆಯಿಂದಾಗಿ. ಮೈ ಪೂರ್ತಿ ನೀರಿನಲ್ಲಿ ಮುಳುಗಿದಾಗ ಆ ರಕ್ಷಣೆ ಕಳಚಿ ಬೀಳುತ್ತದೆ. ತಡೆ 500 ಓಮ್‌ಗೂ ಇಳಿಯಬಲ್ಲದು. ಆಗ ಬರೀ 15 ವೋಲ್ಟ್ ವ್ಯತ್ಯಾಸ ಸಿಕ್ಕರೆ ಮೈಯಲ್ಲಿ 30 ಮಿಲಿ ಆಂಪಿಯರ್ ಹರಿಯುತ್ತದೆ. ನೆಲದ ಮೇಲೆ ಯಾರ ಗಮನಕ್ಕೂ ಬಾರದ ವೋಲ್ಟೇಜ್ ಕೊಳದೊಳಗೆ ಕೊಲ್ಲಬಲ್ಲದು.

ಇನ್ನೊಂದು ಅಪಾಯ ಇದಕ್ಕಿಂತ ಮೋಸದ್ದು. ಹೃದಯ ನಿಲ್ಲಿಸುವಷ್ಟು ಪ್ರವಾಹ ಬೇಕಾಗಿಯೇ ಇಲ್ಲ. ಕೈಕಾಲಿನ ಸ್ನಾಯು ಹಿಡಿದುಕೊಳ್ಳುವಷ್ಟು ಹರಿದರೂ ಸಾಕು, ಚೆನ್ನಾಗಿ ಈಜು ಬಲ್ಲವರೂ ಕೂಗಲಾರದೆ, ಕೈ ಬೀಸಲಾರದೆ ಮುಳುಗುತ್ತಾರೆ. ಮೈಮೇಲೆ ಸುಟ್ಟ ಗುರುತು ಇರದೆ ಹೋಗಬಹುದು. ದಡದಲ್ಲಿದ್ದವರಿಗೆ ಅದು ನೀರಿನಲ್ಲಿ ಮುಳುಗಿದ ಸಾವಿನಂತೆಯೇ ಕಾಣುತ್ತದೆ. ಕಾಪಾಡಲು ಹಾರಿದವರಿಗೂ ಅದೇ ಗತಿಯಾಗುವುದು ಇಂಥ ಅವಘಡಗಳ ಅತ್ಯಂತ ನೋವಿನ ಸಂಗತಿ.

ಅರ್ಥಿಂಗ್ ಇದ್ದರೆ ಸಾಕೇ?

ನಮ್ಮ ಊರುಗಳ ಬಹುಪಾಲು ಮನೆಗಳಲ್ಲಿ ಅರ್ಥಿಂಗ್ ಎಂದರೆ ಹಿತ್ತಲಿನ ಒಂದು ಗುಂಡಿ. ಅದರೊಳಗೆ ಜಿಐ ಪೈಪು ಅಥವಾ ತಾಮ್ರದ ಪ್ಲೇಟು, ಸುತ್ತ ಇದ್ದಿಲು ಮತ್ತು ಉಪ್ಪು, ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು. ಪಂಪಿನೊಳಗೆ ವೈರಿನ ಹೊದಿಕೆ ಹರಿದು ಫೇಸ್ ಅದರ ಲೋಹದ ಬಾಡಿಗೆ ತಗುಲಿತು ಎನ್ನೋಣ. ಪ್ರವಾಹ ಅರ್ಥ್ ವೈರಿನ ಮೂಲಕ ಗುಂಡಿಗೆ, ಅಲ್ಲಿಂದ ಮಣ್ಣಿನ ಮೂಲಕ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಮರಳಬೇಕು.

ಲೆಕ್ಕ ಹಾಕಿ ನೋಡೋಣ. ಗುಂಡಿಯ ತಡೆ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಇದು ಮಾಮೂಲಿ ಲೋಡು, ಅದು ಬೀಳುವುದಿಲ್ಲ. ಪಂಪಿನ ಬಾಡಿ 200 ವೋಲ್ಟಿನ ಹತ್ತಿರ ನಿಂತೇ ಇರುತ್ತದೆ, ಪಂಪು ತಿರುಗುತ್ತಲೇ ಇರುತ್ತದೆ, ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಅರ್ಥಿಂಗ್ ಮಾಡಿಸಿದ್ದರೂ ಅಪಾಯ ಅಲ್ಲೇ ಕಾದಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಗುಂಡಿಯ ತಡೆ ಏರಿದಷ್ಟೂ ಪರಿಸ್ಥಿತಿ ಕೆಡುತ್ತದೆ.

ಅರ್ಥಿಂಗ್ ಕೆಲಸ, ತಪ್ಪಿ ಹರಿದ ಪ್ರವಾಹಕ್ಕೆ ವಾಪಸು ದಾರಿ ಕೊಡುವುದು. ಕೊಳದಲ್ಲಿರುವ ಮಗುವಿನ ಎಡಗೈಗೂ ಬಲಗಾಲಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವ ಹೊಣೆ ಅದರದಲ್ಲ. ಆ ಹೊಣೆ ಬಾಂಡಿಂಗ್‌ನದು.

ಎಲ್ಲವನ್ನೂ ಒಂದೇ ಮಟ್ಟಕ್ಕೆ

ವಿದ್ಯುತ್ ಹರಿಯುವ ಹೊದಿಕೆಯಿಲ್ಲದ ತಂತಿಯ ಮೇಲೆ ಕಾಗೆ ನಿಶ್ಚಿಂತೆಯಾಗಿ ಕೂತಿರುತ್ತದೆ. ಅದರ ಎರಡೂ ಕಾಲು ಒಂದೇ ವೋಲ್ಟೇಜಿನಲ್ಲಿರುವುದರಿಂದ ಮೈಯೊಳಗೆ ಪ್ರವಾಹ ಹರಿಯಲು ಕಾರಣವೇ ಇಲ್ಲ. ಬಾಂಡಿಂಗ್ ಹಿಂದಿನ ವಿಚಾರವೂ ಇದೇ. ಕೊಳದಲ್ಲಿ ಮತ್ತು ಅದರ ಅಂಚಿನಲ್ಲಿ ಮನುಷ್ಯನ ಮೈಗೆ ತಾಗಬಹುದಾದ ಪ್ರತಿಯೊಂದು ಲೋಹವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿಬಿಟ್ಟರೆ, ಎಲ್ಲಿಂದಲೋ ವೋಲ್ಟೇಜ್ ಬಂದರೂ ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ನಡುವೆ ವ್ಯತ್ಯಾಸ ಉಳಿಯುವುದಿಲ್ಲ.

ಏನನ್ನೆಲ್ಲ ಕಟ್ಟಬೇಕು? ಪಟ್ಟಿ ಅನೇಕರು ಅಂದುಕೊಳ್ಳುವುದಕ್ಕಿಂತ ಉದ್ದವಿದೆ. ಕೊಳದ ತಳ ಮತ್ತು ಗೋಡೆಯ ಕಬ್ಬಿಣದ ಕಂಬಿಗಳ ಜಾಲ. ಸ್ಟೀಲ್ ಏಣಿ ಮತ್ತು ಕೈಪಿಡಿ, ಅವು ಕೂರುವ ನೆಲದೊಳಗಿನ ಲೋಹದ ಗೂಡು. ನೀರೊಳಗಿನ ದೀಪದ ಲೋಹದ ಮನೆ. ಪಂಪಿನ ಮೋಟಾರು, ನೀರು ಬಿಸಿಮಾಡುವ ಹೀಟ್ ಪಂಪು. ಹತ್ತಿರದ ಲೋಹದ ಪೈಪು, ಬೇಲಿ, ಕಿಟಕಿಯ ಚೌಕಟ್ಟು. ಹೊಸ ಪಂಪುಗಳ ಬಾಡಿಯ ಹೊರಗೆ ಸಾಮಾನ್ಯವಾಗಿ ಇದಕ್ಕೆಂದೇ ಒಂದು ಪ್ರತ್ಯೇಕ ತಿರುಪು ಇರುತ್ತದೆ. ಅದನ್ನು ಖಾಲಿ ಬಿಟ್ಟಿದ್ದರೆ ಕೆಲಸ ಅರ್ಧಕ್ಕೇ ನಿಂತಿದೆ ಎಂದೇ ಅರ್ಥ.

ಬಹಳ ಮಂದಿ ಮರೆಯುವುದು ಎರಡನ್ನು. ಮೊದಲನೆಯದು ಕೊಳದ ಅಂಚಿನ ನೆಲ. ಒದ್ದೆ ಕಾಲಿನಲ್ಲಿ ಅಂಚಿನ ಮೇಲೆ ನಿಂತು ನೀರಿಗೆ ಕೈ ಇಡುವವರ ಮೈ, ನೆಲಕ್ಕೂ ನೀರಿಗೂ ನಡುವೆ ಸೇತುವೆಯಾಗುತ್ತದೆ. ಆದ್ದರಿಂದ ಅಂಚಿನ ಕಾಂಕ್ರೀಟಿನ ಕಂಬಿಜಾಲವನ್ನೂ ಕೊಳದ ಕಂಬಿಗೆ ಸೇರಿಸಬೇಕು. ಎರಡನೆಯದು ನೀರು. ಈಗಿನ ಕೊಳಗಳಲ್ಲಿ ಪಿವಿಸಿ ಪೈಪು, ಪ್ಲಾಸ್ಟಿಕ್ ಫಿಲ್ಟರ್, ಫೈಬರ್ ಏಣಿ ಹೆಚ್ಚಿರುವುದರಿಂದ ನೀರಿಗೆ ಯಾವ ಲೋಹದ ಸಂಪರ್ಕವೂ ಇಲ್ಲದೆ ಹೋಗಬಹುದು. ಅಂಥ ಕಡೆ ನೀರಿಗೆ ಸದಾ ತಾಗುವಂತೆ ತುಕ್ಕು ಹಿಡಿಯದ ಲೋಹದ ಒಂದು ತುಂಡನ್ನು ಕೂರಿಸಿ ಅದನ್ನೂ ಜಾಲಕ್ಕೆ ಕಟ್ಟಬೇಕು.

ಅಮೆರಿಕದಲ್ಲಿ ಹಿತ್ತಲ ಕೊಳಗಳು ನಮಗಿಂತ ಎಷ್ಟೋ ಮೊದಲು ಬಂದವು. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 680ನೇ ವಿಧಿ ಈ ಅನುಭವದ ಸಾರ. ಬಾಂಡಿಂಗ್ ತಂತಿ ಗಟ್ಟಿ ತಾಮ್ರದ ಒಂಟಿ ಎಳೆಯಾಗಿರಬೇಕು, ನಮ್ಮ ಲೆಕ್ಕದಲ್ಲಿ ಅದು ಸುಮಾರು 8.4 ಚದರ ಮಿಲಿಮೀಟರ್. ಕೊಳದ ಒಳಗೋಡೆಯಿಂದ 3 ಅಡಿಯವರೆಗಿನ ನೆಲ ಬಾಂಡಿಂಗ್‌ಗೆ ಒಳಪಡಬೇಕು. ನೀರಿಗೆ ತಾಗುವ ಲೋಹದ ವಿಸ್ತೀರ್ಣ ಕನಿಷ್ಠ 9 ಚದರ ಇಂಚು ಇರಬೇಕು. ಕಂಬಿಯೇ ಇಲ್ಲದ ಫೈಬರ್ ಗ್ಲಾಸ್ ಕೊಳಕ್ಕೂ ವಿನಾಯಿತಿ ಇಲ್ಲ. ಅದರ ಸುತ್ತಲಿನ ನೆಲದಡಿ ತಾಮ್ರದ ಉಂಗುರವನ್ನೋ ಜಾಲವನ್ನೋ ಹೂಳಬೇಕು. ಅಂತರರಾಷ್ಟ್ರೀಯ ಮಾನಕವಾದ ಐಇಸಿ 60364 ಸಹ 702ನೇ ಭಾಗದಲ್ಲಿ ಕೊಳದ ಸುತ್ತಲಿನ ಲೋಹಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ರಕ್ಷಣಾ ವಾಹಕಕ್ಕೆ ಜೋಡಿಸಲು ಹೇಳುತ್ತದೆ. ನಮ್ಮ ಭಾರತೀಯ ಮಾನಕ ಬ್ಯೂರೋದ ವೈರಿಂಗ್ ಸಂಹಿತೆ ಐಎಸ್ 732, 2019ರ ಪರಿಷ್ಕರಣೆಯಲ್ಲಿ ಈ ಅಂತರರಾಷ್ಟ್ರೀಯ ದಾರಿಗೇ ಬಂದಿದೆ.

ಈ ಜೋಡಣೆಗಳಲ್ಲಿ ಬಹಳಷ್ಟು ಕಾಂಕ್ರೀಟಿನಡಿ ಹೂತುಹೋಗುವುದರಿಂದ, ಕಂಬಿ ಕಟ್ಟುವ ದಿನವೇ ಎಲೆಕ್ಟ್ರಿಷಿಯನ್ ಸ್ಥಳದಲ್ಲಿರಬೇಕು. ಕಾಂಕ್ರೀಟಿನೊಳಗೆ ಹೋಗುವ ಕ್ಲ್ಯಾಂಪು ತುಕ್ಕು ತಾಳುವಂಥದ್ದಾಗಿರಬೇಕು. ಬರೀ ತಿರುಚಿ ಸುತ್ತಿದ ಜೋಡಣೆ ಸಲ್ಲದು. ಅಲ್ಯೂಮಿನಿಯಂ ತಂತಿಯನ್ನು ಇಲ್ಲಿ ಬಳಸಲೇಬಾರದು. ಮುಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೊ ತೆಗೆದಿಡುವುದು ಒಳ್ಳೆಯದು. ಹತ್ತು ವರ್ಷದ ನಂತರ ದೋಷ ಹುಡುಕುವವರಿಗೆ ಅದೊಂದೇ ನಕ್ಷೆ.

ಹೊರಗಿನಿಂದ ಬರುವ ವೋಲ್ಟೇಜ್

ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಕೊಳದ ಏಣಿ ಮುಟ್ಟಿದಾಗ ಜುಮ್ಮೆನ್ನುವ ಪ್ರಕರಣಗಳಿವೆ. ಇಲ್ಲಿ ದೋಷ ಮನೆಯೊಳಗಿನದಲ್ಲ, ಮಣ್ಣಿನ ಮೂಲಕ ಬಂದದ್ದು. ಮಣ್ಣು ಎಲ್ಲ ಕಡೆಯೂ ಸೊನ್ನೆ ವೋಲ್ಟ್ ಎಂಬುದು ನಮ್ಮ ಭ್ರಮೆ. ಪ್ರವಾಹ ಮಣ್ಣಿಗಿಳಿಯುವ ಜಾಗದಲ್ಲಿ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ. ತುಂಡಾದ ತಂತಿ ಬಿದ್ದ ಒದ್ದೆ ಗದ್ದೆಯಲ್ಲಿ ತಂತಿಯನ್ನು ಮುಟ್ಟದೆಯೇ ದನಗಳು ಸಾಯುವುದು ಇದರಿಂದ: ಮುಂಗಾಲಿಗೂ ಹಿಂಗಾಲಿಗೂ ನಡುವಿನ ನೆಲದಲ್ಲೇ ವ್ಯತ್ಯಾಸ ಹುಟ್ಟಿರುತ್ತದೆ.

ಹಳ್ಳಿಗಾಡಿನ ತೋಟದ ಮನೆಗಳಲ್ಲಿ ಈ ಅಪಾಯ ನಿಜವಾದದ್ದು. ನ್ಯೂಟ್ರಲ್ ತುಂಡಾದಾಗ ಅಥವಾ ಸಿಗದಿದ್ದಾಗ ಅರ್ಥಿಂಗ್ ಗುಂಡಿಯನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬು, ಮೋಟಾರು ಓಡಿಸುವ ಅಡ್ಡದಾರಿಯನ್ನು ಊರಲ್ಲಿ ಬೆಳೆದವರೆಲ್ಲ ಬಲ್ಲರು. ಹಾಗೆ ಮಾಡಿದಾಗ ಆ ಗುಂಡಿಯ ಸುತ್ತಲಿನ ಮಣ್ಣಿಗೆ ವೋಲ್ಟೇಜ್ ಏರುತ್ತದೆ; ಅದೇ ಅರ್ಥ್ ವೈರಿಗೆ ಸೇರಿದ ಪ್ರತಿ ಲೋಹಕ್ಕೂ ಏರುತ್ತದೆ. ಹೀಗೆ ಪಕ್ಕದ ತೋಟದಲ್ಲಿ ಹುಟ್ಟಿ ಮಣ್ಣಿನಿಂದ ಬರುವ ವೋಲ್ಟೇಜನ್ನು ನಿಮ್ಮ ಮನೆಯ ಯಾವ ಸ್ವಿಚ್ಚೂ ತಡೆಯಲಾರದು, ಯಾವ ಟ್ರಿಪ್ ಸಾಧನವೂ ಗುರುತಿಸಲಾರದು. ಅಲ್ಲಿ ಕೊಳದಲ್ಲಿದ್ದವರನ್ನು ಕಾಯುವುದು ಬಾಂಡಿಂಗ್ ಒಂದೇ.

30 ಮಿಲಿ ಆಂಪಿಯರ್‌ನ ಕಾವಲು

ಹಾಗೆಂದು ಬಾಂಡಿಂಗ್ ಒಂದೇ ಇದ್ದರೂ ಸಾಲದು. ಜಾಲದ ಎಲ್ಲೆ ಮುಗಿದ ಜಾಗದಲ್ಲಿ, ಅಂದರೆ ಕೊಳದಿಂದ ಆಚೆ ಹಸಿ ನೆಲಕ್ಕೆ ಕಾಲಿಡುವಲ್ಲಿ, ವ್ಯತ್ಯಾಸ ಉಳಿದೇ ಇರುತ್ತದೆ. ದೋಷ ಹುಟ್ಟಿದ ಕೂಡಲೇ ವಿದ್ಯುತ್ತನ್ನೇ ಕಡಿದುಹಾಕುವ ಇನ್ನೊಂದು ಸಾಧನ ಬೇಕು. ಅದು ಆರ್‌ಸಿಸಿಬಿ, ನಮ್ಮ ಎಲೆಕ್ಟ್ರಿಷಿಯನ್ನರು ಹಳೆಯ ರೂಢಿಯಂತೆ ಇಎಲ್‌ಸಿಬಿ ಎಂದೂ ಕರೆಯುತ್ತಾರೆ.

ಎಂಸಿಬಿಗೂ ಇದಕ್ಕೂ ಇರುವ ಅಂತರವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಎಂಸಿಬಿ ಕಾಯುವುದು ವೈರನ್ನು. ಲೋಡು ಮಿತಿಮೀರಿದರೆ, ಶಾರ್ಟ್ ಆದರೆ ಅದು ಬೀಳುತ್ತದೆ. ಆರ್‌ಸಿಸಿಬಿ ಕಾಯುವುದು ಜೀವವನ್ನು. ಫೇಸ್‌ನಲ್ಲಿ ಹೋದ ಪ್ರವಾಹವಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. 30 ಮಿಲಿ ಆಂಪಿಯರ್ ಮಾದರಿಯಲ್ಲಿ ಅಷ್ಟು ಸೋರಿಕೆ ಕಂಡರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ, ದೊಡ್ಡ ಸೋರಿಕೆಯಾದರೆ ಇನ್ನೂ ಬೇಗ ಅದು ವಿದ್ಯುತ್ ಕಡಿಯುತ್ತದೆ. ಮೇಲೆ ಲೆಕ್ಕ ಹಾಕಿದ ಹನ್ನೊಂದೂವರೆ ಆಂಪಿಯರ್ ಎಂಸಿಬಿಗೆ ಏನೂ ಅಲ್ಲದಿದ್ದರೂ ಆರ್‌ಸಿಸಿಬಿಗೆ ಬೆಟ್ಟದಷ್ಟು.

ಈ ಸಾಧನದ ಚರಿತ್ರೆಯಲ್ಲಿ ಈಜುಕೊಳಕ್ಕೆ ದೊಡ್ಡ ಪಾತ್ರವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಝಿಯಲ್, ಸ್ವಯಂಸೇವಕರ ಮೇಲೆ ಎಚ್ಚರಿಕೆಯಿಂದ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಬಿಡಲಾಗದ ಪ್ರವಾಹದ ಮಿತಿಯನ್ನು ಅಳೆದವರು. ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ 10.5 ಮಿಲಿ ಆಂಪಿಯರ್. ಆ ತಿಳಿವಳಿಕೆಯ ಬಲದಿಂದ 1961ರಲ್ಲಿ ಅವರು ರೂಪಿಸಿದ ಸೋರಿಕೆ ತಡೆ ಸಾಧನವನ್ನು ಅಮೆರಿಕದ ಸಂಹಿತೆ ಮೊದಲು ಕಡ್ಡಾಯ ಮಾಡಿದ್ದು 1968ರಲ್ಲಿ, ಈಜುಕೊಳದ ನೀರೊಳಗಿನ ದೀಪಗಳಿಗೆ. ಅಲ್ಲಿನ ಸಾಧನ 6 ಮಿಲಿ ಆಂಪಿಯರ್ ಸೋರಿಕೆಗೇ ಬೀಳುತ್ತದೆ. ನಮ್ಮಲ್ಲಿ 30ರದು ಸಾಮಾನ್ಯ. 10ರದೂ ಮಾರುಕಟ್ಟೆಯಲ್ಲಿ ಸಿಗುತ್ತದೆ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಅದು ದೂರು ಹೇಳುತ್ತಿದೆ ಎಂದು ತಿಳಿಯಬೇಕು. ‘ಮಳೆ ಬಂದರೆ ಟ್ರಿಪ್ ಆಗುತ್ತದೆ’ ಎಂದು ಅದನ್ನು ತಪ್ಪಿಸಿ ನೇರ ವೈರ್ ಎಳೆಯುವುದು, ಕಾವಲುಗಾರನನ್ನು ಮನೆಯಿಂದ ಹೊರಹಾಕಿದಂತೆಯೇ ಸರಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಬೀಳದಿದ್ದರೆ ಆ ದಿನವೇ ಬದಲಿಸಿ.

ನಮ್ಮ ಮನೆಗಳಿಗೇ ವಿಶಿಷ್ಟವಾದ ಒಂದು ತೊಡಕಿದೆ: ಯುಪಿಎಸ್. ಕರೆಂಟ್ ಹೋದಾಗ ಕೊಳದ ದೀಪ ಯುಪಿಎಸ್‌ನಿಂದ ಉರಿಯುತ್ತಿದ್ದರೆ, ಅದಕ್ಕಿಂತ ಹಿಂದಿರುವ ಮೇನ್ ಬೋರ್ಡಿನ ಆರ್‌ಸಿಸಿಬಿಗೆ ಆ ಸರ್ಕ್ಯೂಟು ಕಾಣುವುದೇ ಇಲ್ಲ. ಯುಪಿಎಸ್ ಔಟ್‌ಪುಟ್ ಕಡೆಗೂ ಆರ್‌ಸಿಸಿಬಿ ಇರಬೇಕು, ಬ್ಯಾಟರಿಯ ಮೇಲೆ ಓಡುವಾಗಲೂ ಅದು ಬೀಳುತ್ತದೆಯೇ ಎಂದು ಪರೀಕ್ಷಿಸಬೇಕು. ಜನರೇಟರ್‌ಗೂ ಇದೇ ಮಾತು.

ನೀರೊಳಗಿನ ದೀಪ, ದಡದ ಸಾಕೆಟ್ಟು

ಕೊಳದ ಉಪಕರಣಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ದೀಪ, ಅದು ನೀರಿನಲ್ಲೇ ಇರುವುದರಿಂದ. ಗಾಜಿನ ಸುತ್ತಲಿನ ರಬ್ಬರ್ ಸೀಲು ಬಿಸಿಲು, ಕ್ಲೋರಿನ್‌ಗೆ ಹಳಸಿದರೆ ನೀರು ಒಳಗೆ ಸೇರುತ್ತದೆ. ಐಇಸಿ ಮಾನಕ ಕೊಳದ ಸುತ್ತಲಿನ ಜಾಗವನ್ನು ಮೂರು ವಲಯವಾಗಿ ವಿಂಗಡಿಸುತ್ತದೆ. ಕೊಳದ ಒಳಭಾಗ ಸೊನ್ನೆ ವಲಯ. ಅಂಚಿನಿಂದ 2 ಮೀಟರ್ ದೂರ ಮತ್ತು ನೆಲದಿಂದ ಎರಡೂವರೆ ಮೀಟರ್ ಎತ್ತರದವರೆಗೆ ಒಂದನೇ ವಲಯ. ಅದರಾಚೆ ಇನ್ನೊಂದೂವರೆ ಮೀಟರ್ ಎರಡನೇ ವಲಯ. ಜನ ನೀರಿನಲ್ಲಿರುವಾಗ ಸೊನ್ನೆ ವಲಯದಲ್ಲಿ ಉರಿಯುವ ದೀಪಕ್ಕೆ 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿಗಿಂತ ಹೆಚ್ಚು ಕೊಡುವಂತಿಲ್ಲ.

ಆ 12 ವೋಲ್ಟ್ ಎಲ್ಲಿಂದ ಬರುತ್ತದೆ ಎಂಬುದು ಅಷ್ಟೇ ಮುಖ್ಯ. ಎರಡು ಸುರುಳಿಗಳು ಪೂರ್ತಿ ಬೇರೆಯಾಗಿರುವ ಸುರಕ್ಷತಾ ಟ್ರಾನ್ಸ್‌ಫಾರ್ಮರ್ ಬೇಕು, ಅದು ವಲಯಗಳಿಂದ ಹೊರಗಿರಬೇಕು. ಬೀದಿಬದಿಯ ಅಗ್ಗದ ಅಡಾಪ್ಟರ್ ಕೆಟ್ಟಾಗ 230 ವೋಲ್ಟ್ ನೇರವಾಗಿ ನೀರಿಗಿಳಿಯಬಹುದು. ಹಳೆಯ ಕೊಳದಲ್ಲಿ 230 ವೋಲ್ಟಿನ ದೀಪ ಇನ್ನೂ ಇದ್ದರೆ ಅದನ್ನು ತೆಗೆಸುವವರೆಗೆ ಯಾರನ್ನೂ ನೀರಿಗಿಳಿಸಬೇಡಿ.

ಹೋಂಸ್ಟೇ ಮಾಲೀಕರಿಗೆ ಒಂದು ಮಾತು. ಹುಟ್ಟುಹಬ್ಬಕ್ಕೆಂದು ಕೊಳದ ಸುತ್ತ ಸುತ್ತುವ ಸೀರಿಯಲ್ ಸೆಟ್ಟು, ಅಂಚಿಗೆ ತಂದಿಡುವ ಸ್ಪೀಕರು, ಹುಲ್ಲಿನ ಮೇಲೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡು, ನೀರಿನ ಪಕ್ಕ ಚಾರ್ಜಿಗಿಟ್ಟ ಮೊಬೈಲು ಇವೆಲ್ಲ ಒಂದನೇ ವಲಯದೊಳಗೆ ಬರಲೇಬಾರದ ವಸ್ತುಗಳು. ಅತಿಥಿಗಳು ಮುನಿಸಿಕೊಂಡರೂ ಪರವಾಗಿಲ್ಲ, ಬೇಡವೆನ್ನಿ.

ಪಂಪ್ ರೂಮನ್ನೂ ಮರೆಯಬೇಡಿ. ಅಲ್ಲಿ ಇಡುವ ಕ್ಲೋರಿನ್, ಆಸಿಡ್ ಡಬ್ಬಿಗಳ ಆವಿ ತಾಮ್ರದ ಜೋಡಣೆಗಳನ್ನು ತಿಂದುಹಾಕುತ್ತದೆ. ಸುಟ್ಟ ಮೋಟಾರನ್ನು ರೀವೈಂಡಿಂಗ್‌ಗೆ ಒಯ್ದು ಮರಳಿ ಕೂರಿಸುವಾಗ ಬಾಂಡಿಂಗ್ ತಂತಿಯನ್ನು ಹಾಗೇ ಬಿಟ್ಟುಬಿಡುವುದೂ ಉಂಟು. ಪಂಪು ಅದಿಲ್ಲದೆಯೂ ತಿರುಗುತ್ತದೆ. ಆದ್ದರಿಂದಲೇ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಜುಮ್ಮೆಂದರೆ ಏನು ಮಾಡಬೇಕು

ನೀರಿನಲ್ಲಿ ಅಥವಾ ಏಣಿ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಿರಿ. ನೀರಿನಲ್ಲಿದ್ದವರು ದೀಪದಿಂದ ದೂರ ಸರಿದು, ಲೋಹದ ಏಣಿ ಮುಟ್ಟದೆ ಬೇರೆ ಕಡೆಯಿಂದ ಮೇಲೆ ಬರಬೇಕು. ದಡದಲ್ಲಿದ್ದವರು ನೀರಿಗೆ ಹಾರಬಾರದು. ಮೊದಲು ಮೇನ್ ಆಫ್ ಮಾಡಿ, ಯುಪಿಎಸ್ ಇದ್ದರೆ ಅದನ್ನೂ. ನಂತರ ಒಣಗಿದ ಉದ್ದನೆಯ ಫೈಬರ್ ಕೋಲು ಅಥವಾ ಹಗ್ಗಕ್ಕೆ ಕಟ್ಟಿದ ರಬ್ಬರ್ ಟ್ಯೂಬಿನಿಂದ ಎಳೆದುಕೊಳ್ಳಿ. ಉಸಿರು, ನಾಡಿ ಇಲ್ಲದಿದ್ದರೆ ತಕ್ಷಣ ಸಿಪಿಆರ್ ಶುರುಮಾಡಿ, 108 ಅಥವಾ 112ಕ್ಕೆ ಕರೆ ಮಾಡಿಸಿ. ಮೇನ್ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಬೇಕು. ಮೇನ್ ಆಫ್ ಮಾಡಿದ ಮೇಲೂ ಜುಮ್ಮೆನ್ನುತ್ತಿದ್ದರೆ ಕೊಳ ಮುಚ್ಚಿ, ವಿದ್ಯುತ್ ಸರಬರಾಜು ಕಂಪನಿಯ 1912ಕ್ಕೆ ದೂರು ಕೊಡಿ.

ಹೊಸದಾಗಿ ಕೊಳ ಕಟ್ಟಿಸುವವರು ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಬಾಂಡಿಂಗ್ ನಕ್ಷೆಯನ್ನು ಬರಹದಲ್ಲಿ ಪಡೆಯಿರಿ. ಈಗಾಗಲೇ ಕೊಳ ಇರುವವರು ವರ್ಷಕ್ಕೊಮ್ಮೆ, ಬೇಸಿಗೆ ರಜೆ ಶುರುವಾಗುವ ಮೊದಲು, ಮೀಟರ್ ಹಿಡಿದು ಏಣಿಯಿಂದ ಪಂಪಿನವರೆಗೆ ಪ್ರತಿ ಲೋಹದ ಸಂಪರ್ಕ ಗಟ್ಟಿಯಾಗಿದೆಯೇ ಎಂದು ಅಳೆಸಿ. ಟೆಸ್ಟರ್ ಚುಚ್ಚಿ ನೋಡುವುದು ಪರೀಕ್ಷೆಯಾಗದು. ಅಪಾರ್ಟ್‌ಮೆಂಟಿನಲ್ಲಿರುವವರು ಮುಂದಿನ ಸಭೆಯಲ್ಲಿ ನಿಮ್ಮ ಸಂಘವನ್ನು ಮೂರು ಪ್ರಶ್ನೆ ಕೇಳಿ: ಕೊಳಕ್ಕೆ ಪ್ರತ್ಯೇಕ ಆರ್‌ಸಿಸಿಬಿ ಇದೆಯೇ? ದೀಪ ಎಷ್ಟು ವೋಲ್ಟಿನದು? ಬಾಂಡಿಂಗ್ ಕೊನೆಯ ಸಲ ಅಳೆದದ್ದು ಯಾವಾಗ? ಮೂರಕ್ಕೂ ಲಿಖಿತ ಉತ್ತರ ಸಿಗುವವರೆಗೆ ಮಕ್ಕಳನ್ನು ಆ ನೀರಿಗೆ ಇಳಿಸಬೇಡಿ.